ಕಿತ್ತ ಮೇಲೂ ಉಳಿಯುವ ಗಡ್ಡೆ

ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಜಾಲತಾಣಕ್ಕೆ ಸೇರಿಸಿಕೊಂಡ ಭದ್ರತಾ ಪ್ಲಗಿನ್, ಅಂದರೆ ಕಾವಲಿಗಿಟ್ಟ ಪುಟ್ಟ ತಂತ್ರಾಂಶ, ತಕರಾರು ತೆಗೆಯುತ್ತದೆ. ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದರೆ ಸರಿಹೋದೀತು ಎಂದು ಹಾಗೇ ಮಾಡುತ್ತೇವೆ. ತೊಂದರೆ ಮಾತ್ರ ಹೋಗಿರುವುದಿಲ್ಲ. ಕೆಲವೊಮ್ಮೆ ತಾಣವೇ ತೆರೆಯದೆ ಬರೀ ಬಿಳಿ ಪರದೆ ಕಾಣುತ್ತದೆ. ಹೊಲದಲ್ಲಿ ಜೇಕು ಕಿತ್ತವರಿಗೆ ಇದು ಹೊಸದೇನಲ್ಲ: ಹುಲ್ಲು ಕೈಗೆ ಬರುತ್ತದೆ, ಗಡ್ಡೆ ಮಣ್ಣಿನಲ್ಲೇ ಉಳಿಯುತ್ತದೆ.

ಪ್ಲಗಿನ್‌ನ ಫೋಲ್ಡರ್ ಆ ಹುಲ್ಲು. ಒಂದು ಗಡ್ಡೆ ಇರುವುದು ಡೇಟಾಬೇಸಿನಲ್ಲಿ. ಸೆಟ್ಟಿಂಗುಗಳು, ತಡೆಹಿಡಿದ ಐಪಿ ವಿಳಾಸಗಳು (ಇಂಟರ್ನೆಟ್ಟಿನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳು) ಎಲ್ಲ ಅಲ್ಲೇ ಇರುತ್ತವೆ. ಪಾಸ್‌ವರ್ಡ್ ಪದೇ ಪದೇ ತಪ್ಪಿ ನಿಮ್ಮ ಐಪಿಯೇ ಆ ಪಟ್ಟಿಗೆ ಸೇರಿತು ಎನ್ನಿ. ಸರ್ವರಿನ ಫೈಲುಗಳನ್ನು ನೇರವಾಗಿ ಮುಟ್ಟುವ ಎಫ್‌ಟಿಪಿ ಮೂಲಕ ಫೋಲ್ಡರ್ ಅಳಿಸಿದರೆ ಒಳಗೆ ಹೋಗಬಹುದು. ಮತ್ತೆ ಹಾಕಿದೊಡನೆ ಪ್ಲಗಿನ್ ಅದೇ ಪಟ್ಟಿ ಓದಿ ಬಾಗಿಲು ಮುಚ್ಚುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ‘ಡಿಲೀಟ್’ ಒತ್ತಿದರೆ ಪ್ಲಗಿನ್ ಬರೆದವರು ಇಟ್ಟ ಶುಚಿ ಮಾಡುವ ಕೋಡ್ ಓಡುತ್ತದೆ. ಫೋಲ್ಡರನ್ನೇ ಕಿತ್ತೆಸೆದರೆ ಅದಕ್ಕೆ ಅವಕಾಶವೇ ಸಿಗುವುದಿಲ್ಲ.

ಇನ್ನೊಂದು ಗಡ್ಡೆ ಇನ್ನೂ ಆಳದಲ್ಲಿದೆ. ವರ್ಡ್‌ಫೆನ್ಸ್ ಎಂಬ ಭದ್ರತಾ ಪ್ಲಗಿನ್ನಿನ ಫೈರ್‌ವಾಲನ್ನೇ, ಅಂದರೆ ದಾಳಿ ತಡೆಯುವ ಗೋಡೆಯನ್ನೇ ನೋಡಿ. ಸಾಮಾನ್ಯ ಪ್ಲಗಿನ್ ಎಚ್ಚರಗೊಳ್ಳುವುದು ವರ್ಡ್‌ಪ್ರೆಸ್ ಶುರುವಾದ ಮೇಲೆ. ಕಳ್ಳ ಅಷ್ಟು ಹೊತ್ತು ಕಾಯುತ್ತಾನೆಯೇ? ವರ್ಡ್‌ಪ್ರೆಸ್ಸನ್ನು ಮುಟ್ಟದೆ ಯಾವುದೋ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಪ್ರೋಗ್ರಾಮಿಂಗ್ ಭಾಷೆ) ಫೈಲಿಗೆ ನೇರವಾಗಿ ಕೈಹಾಕುವ ದಾಳಿಗಳೂ ಇವೆ. ಅದಕ್ಕೇ ಪೂರ್ಣ ರಕ್ಷಣೆ ಆನ್ ಮಾಡಿದಾಗ ಈ ಫೈರ್‌ವಾಲ್ ಪಿಎಚ್‌ಪಿಯ ‘ಆಟೊ ಪ್ರಿಪೆಂಡ್ ಫೈಲ್’ ಎಂಬ ಸೌಲಭ್ಯವನ್ನು ಬಳಸುತ್ತದೆ. ಬೇರೆ ಯಾವ ಫೈಲಿಗಿಂತ ಮೊದಲೂ ‘ವರ್ಡ್‌ಫೆನ್ಸ್-ವಾಫ್’ ಫೈಲನ್ನು ಓಡಿಸು ಎಂಬ ಸಾಲು, ಹಲವು ಸರ್ವರುಗಳಲ್ಲಿ, ಡಾಟ್-ಯೂಸರ್-ಐಎನ್‌ಐ ಎಂಬ ಪುಟ್ಟ ಫೈಲಿನಲ್ಲಿ ಕೂರುತ್ತದೆ. ಚೆಂದದ ಉಪಾಯ, ನನಗಂತೂ ಬಹಳ ಇಷ್ಟ. ಆದರೆ ವಾಫ್ ಫೈಲ್ ಅಳಿಸಿಹೋಗಿ ಆ ಸಾಲು ಉಳಿದರೆ, ಪಿಎಚ್‌ಪಿ ಪ್ರತಿ ಪುಟಕ್ಕೂ ಇಲ್ಲದ ಫೈಲನ್ನು ಹುಡುಕಿ ಅಲ್ಲೇ ನಿಂತುಬಿಡುತ್ತದೆ. 2019ರಲ್ಲಿ ವರ್ಡ್‌ಪ್ರೆಸ್ 5.2 ತಂದ ‘ರಿಕವರಿ ಮೋಡ್’ (ಪ್ಲಗಿನ್ ಕೆಟ್ಟರೂ ಒಳಗೆ ಹೋಗಿ ಸರಿಪಡಿಸಲು ಇರುವ ದಾರಿ) ಕೂಡ ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ವರ್ಡ್‌ಪ್ರೆಸ್ ಇನ್ನೂ ಎದ್ದೇ ಇಲ್ಲ. ವರ್ಡ್‌ಪ್ರೆಸ್ಸಿನ ಡಿಬಗ್ ಲಾಗ್ (ತಪ್ಪುಗಳನ್ನು ಬರೆದಿಡುವ ಫೈಲ್) ಖಾಲಿ ಇರುವುದೂ ಇದರಿಂದಲೇ. ತಪ್ಪು ದಾಖಲಾಗುವುದು ಸರ್ವರಿನ ಎರರ್ ಲಾಗಿನಲ್ಲಿ. ಮೊದಲು ಅದನ್ನು ತೆರೆಯಿರಿ, ಕಾಣೆಯಾದ ಫೈಲಿನ ಪೂರ್ತಿ ಹಾದಿ ಅಲ್ಲಿ ಬರೆದಿರುತ್ತದೆ.

ತುರ್ತಿದ್ದರೆ ಅದೇ ಜಾಗದಲ್ಲಿ ಅದೇ ಹೆಸರಿನ ಖಾಲಿ ಫೈಲ್ ಇಟ್ಟುಬಿಡಿ. ಹುಡುಕಿದ್ದು ಸಿಕ್ಕಿತೆಂದು ಪಿಎಚ್‌ಪಿ ಮುಂದಕ್ಕೆ ಹೋಗುತ್ತದೆ, ತಾಣ ತೆರೆದುಕೊಳ್ಳುತ್ತದೆ. ಆಮೇಲೆ ಆ ಸಾಲನ್ನು ತೆಗೆಯಿರಿ. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಆ ಐಎನ್‌ಐ ಫೈಲ್ ಸುಮ್ಮನೆ ಕಣ್ಣಿಗೆ ಬೀಳುವುದಿಲ್ಲ; ಫೈಲ್ ಮ್ಯಾನೇಜರಿನಲ್ಲಿ ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಆನ್ ಮಾಡಬೇಕು. ಸಾಲು ತೆಗೆದ ಕೂಡಲೇ ಖಾಲಿ ಫೈಲನ್ನು ಅಳಿಸಬೇಡಿ. ಪಿಎಚ್‌ಪಿ ಆ ಸೆಟ್ಟಿಂಗುಗಳನ್ನು ಸಾಮಾನ್ಯವಾಗಿ 300 ಸೆಕೆಂಡು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಈ ಐದು ನಿಮಿಷ ಕಾಯದೆ ‘ಇದೂ ಆಗಲಿಲ್ಲ’ ಎಂದು ಇನ್ನೇನೋ ಬದಲಿಸಿ ಗೋಜಲು ಮಾಡಿಕೊಳ್ಳುವವರು ತುಂಬಾ ಜನ.

ಇನ್ನು ಮೊದಲ ಗಡ್ಡೆ: ಡೇಟಾಬೇಸಿನ ಬ್ಯಾಕಪ್ ತೆಗೆದಿಟ್ಟೇ ಪ್ಲಗಿನ್ ಬಿಟ್ಟುಹೋದ ಹಳೆಯ ಟೇಬಲ್‌ಗಳಿಗೆ ಕೈಹಚ್ಚಿ. ಪ್ಲಗಿನ್ ನಿಲ್ಲಿಸುವಾಗ ಟೇಬಲ್‌ಗಳನ್ನೂ ಅಳಿಸುವ ಆಯ್ಕೆ ವರ್ಡ್‌ಫೆನ್ಸ್‌ನಲ್ಲೇ ಇದೆ. ಹೊಸದಾಗಿ ಹಾಕಿದ ಮೇಲೆ ಫೈರ್‌ವಾಲಿನ ಪೂರ್ಣ ರಕ್ಷಣೆಯನ್ನು ಇನ್ನೊಮ್ಮೆ ಆನ್ ಮಾಡಿ. ಇಲ್ಲವಾದರೆ ಪ್ಲಗಿನ್ ಓಡುತ್ತಲೇ ಇರುತ್ತದೆ, ಆದರೆ ವರ್ಡ್‌ಪ್ರೆಸ್ ಎದ್ದ ಮೇಲೆ ಮಾತ್ರ.