‘ಓಕೆ’ ಎಲ್ಲಿಂದ ಬಂತು?

ದಿನಕ್ಕೆ ಹತ್ತಾರು ಬಾರಿ ನಾವೂ ಆಡುವ ‘ಓಕೆ’ ಎಂಬ ಇಂಗ್ಲಿಷ್ ಪದದ ಮೂಲವನ್ನು ಕೇಳಿದರೆ, ಒಂದಕ್ಕೊಂದು ಹೊಂದದ ಹಲವು ಉತ್ತರಗಳು ಸಿಗುತ್ತವೆ. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರ ನುಡಿ, ಪಶ್ಚಿಮ ಆಫ್ರಿಕಾದ ವೊಲೊಫ್, ಗ್ರೀಕರ ‘ಓಲ ಕಲ’, ಹೀಗೆ ಪ್ರತಿಯೊಂದಕ್ಕೂ ವಾದಿಸುವವರಿದ್ದಾರೆ. ಇವುಗಳಿಗೆ ಮುಖ್ಯ ಆಧಾರ ಉಚ್ಚಾರಣೆಯ ಹೋಲಿಕೆಯೇ ಹೊರತು, ಪದವು ದಾಟಿ ಬಂದ ಹಾದಿಯನ್ನು ತೋರಿಸುವ ಗಟ್ಟಿ ದಾಖಲೆಯಲ್ಲ.

ದಾಖಲೆ ಇರುವುದು ಬಾಸ್ಟನ್ ನಗರದ ಪತ್ರಿಕೆಗಳಲ್ಲಿ. 1838ರ ಹೊತ್ತಿಗೆ ಅಲ್ಲಿನ ಬರಹಗಾರರಿಗೆ ಒಂದು ಗೀಳು ಹತ್ತಿತ್ತು: ರೂಢಿಯ ಮಾತುಗಳ ಕಾಗುಣಿತವನ್ನು ಬೇಕೆಂದೇ ಕೆಡಿಸಿ, ಕೆಟ್ಟ ಆ ರೂಪದ ಮೊದಲಕ್ಷರಗಳನ್ನಷ್ಟೇ ಅಚ್ಚು ಹಾಕುವುದು. ‘ನೋ ಯೂಸ್’ (no use) ಎಂಬುದು ‘know yuse’ ಎಂದು ಕೆಟ್ಟು ‘ಕೆ.ವೈ.’ ಆಯಿತು, ‘ಆಲ್ ರೈಟ್’ (all right) ಎಂಬುದು ‘oll wright’ ಎಂದು ಕೆಟ್ಟು ‘ಓ.ಡಬ್ಲ್ಯು.’ ಆಯಿತು. ಇದೇ ಹುಚ್ಚಿನಲ್ಲಿ ‘ಆಲ್ ಕರೆಕ್ಟ್’ ಎಂಬುದು ‘ಓಲ್ ಕೊರೆಕ್ಟ್’ (oll korrect) ಆಗಿ, 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ ‘ಓ.ಕೆ.’ ಎಂದು ಕಾಣಿಸಿಕೊಂಡಿತು. ಪತ್ರಿಕೆ ಪಕ್ಕದಲ್ಲೇ ಅರ್ಥವನ್ನೂ ಕೊಟ್ಟಿತ್ತು. ಓದುಗರಿಗೆ ಅದಿನ್ನೂ ಹೊಸತಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸುಳಿವು ಬೇಕಿಲ್ಲ.

ಅದರ ಒಡನಾಡಿಗಳೆಲ್ಲ ಬೇಗನೆ ಮರೆಯಾದರೂ ‘ಓ.ಕೆ.’ ಉಳಿದದ್ದು 1840ರ ಅಧ್ಯಕ್ಷೀಯ ಚುನಾವಣೆಯಿಂದ. ಮರುಆಯ್ಕೆ ಬಯಸಿದ್ದ ಮಾರ್ಟಿನ್ ವ್ಯಾನ್ ಬ್ಯೂರನ್ ಅವರ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರಿನ ಮೊದಲಕ್ಷರಗಳನ್ನು ಹಿಡಿದು ಬೆಂಬಲಿಗರು ‘ಓ.ಕೆ. ಕ್ಲಬ್’ ಕಟ್ಟಿದರು. ವಿರೋಧಿಗಳು ಸುಮ್ಮನಿರಲಿಲ್ಲ: ವ್ಯಾನ್ ಬ್ಯೂರನ್ ಅವರದೇ ಪಕ್ಷದ ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಕಾಗುಣಿತ ಬಾರದು, ಕಡತಗಳ ಮೇಲೆ ‘ಓ.ಕೆ.’ ಎಂದು ಬರೆದವರು ಅವರೇ ಎಂಬ ಕಥೆ ಹಬ್ಬಿಸಿದರು. ವ್ಯಾನ್ ಬ್ಯೂರನ್ ಸೋತರು, ಪದ ಗೆದ್ದಿತು. ಆದರೆ ಚುನಾವಣೆಯ ಅಣಕದ ಕಥೆಯೇ ಮುಂದೆ ಬಹುಕಾಲ ಇತಿಹಾಸವೆಂದು ಚಲಾವಣೆಯಾದದ್ದು ವಿಷಾದದ ಸಂಗತಿ.

ಟೆಲಿಗ್ರಾಫ್ ಮತ್ತು ರೈಲ್ವೆ ಪದವನ್ನು ದೇಶದಾದ್ಯಂತ ಒಯ್ದವು. ಇಪ್ಪತ್ತನೆಯ ಶತಮಾನದಲ್ಲಿ ಚಾಕ್ಟಾ ಮೂಲವನ್ನು ನಂಬಿದ್ದ ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ‘ಓಕೆಹ್’ ಎಂದೇ ಬರೆಯುತ್ತಿದ್ದರು. ಗೋಜಲು ಬಿಡಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆನ್ ವಾಕರ್ ರೀಡ್. ಊಹೆಗೆ ಜೋತುಬೀಳದೆ ಹಳೆಯ ಪತ್ರಿಕೆಗಳನ್ನು ತಾಳ್ಮೆಯಿಂದ ಓದಿ, 1963 ಮತ್ತು 64ರಲ್ಲಿ ಅವರು ಪ್ರಕಟಿಸಿದ ಲೇಖನಮಾಲೆಯ ನಿರ್ಣಯವನ್ನೇ ಇಂದಿನ ಪ್ರಮುಖ ನಿಘಂಟುಗಳು ಒಪ್ಪುತ್ತವೆ. 1839ಕ್ಕೂ ಹಿಂದಿನದೆಂದು ಕೆಲವರು ಮುಂದಿಡುವ 1815ರ ದಿನಚರಿಯೊಂದರಲ್ಲಿ ಆ ಎರಡಕ್ಷರಗಳಿರುವ ಸಾಲು ತಿದ್ದಿ ಬರೆದದ್ದಾಗಿರುವುದರಿಂದ, ಅದನ್ನು ಪುರಾವೆಯಾಗಿ ಒಪ್ಪಲು ರೀಡ್ ನಿರಾಕರಿಸಿದರು.