ಬಲ ತೋರಿಸುವ ವಿದೇಶಾಂಗ ನೀತಿಯ ಅಪಾಯಗಳು: ಶ್ರೀಲಂಕಾ, 1987–90

ದೊಡ್ಡ ದೇಶವೊಂದು ನೆರೆಯ ಸಣ್ಣ ದೇಶದ ಮೇಲೆ ಒತ್ತಡ ಹಾಕಿ, ಬೇಕಾದರೆ ಸೇನೆಯನ್ನೂ ಕಳಿಸಿ, ತನ್ನ ಕೆಲಸ ಮಾಡಿಸಿಕೊಳ್ಳಲು ಹೊರಟರೆ ಏನೇನು ಅಪಾಯಗಳಿವೆ? ಪರೀಕ್ಷೆಗಳಲ್ಲಿ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ನಾವು ವಿಯೆಟ್ನಾಂನಲ್ಲಿ ಅಮೆರಿಕ, ಅಫ್ಘಾನಿಸ್ತಾನದಲ್ಲಿ ಸೋವಿಯತ್ ಒಕ್ಕೂಟ ಎಂದು ಬರೆದು ಮುಗಿಸಿಬಿಡುತ್ತೇವೆ. ನಮ್ಮದೇ ದೇಶದ ಉದಾಹರಣೆಯನ್ನು ಎರಡು ಸಾಲಿನಲ್ಲಿ ದಾಟಿ ಹೋಗುತ್ತೇವೆ. ಅದಕ್ಕೇ ಈ ಟಿಪ್ಪಣಿಯಲ್ಲಿ ಶ್ರೀಲಂಕಾಕ್ಕೆ ಭಾರತೀಯ ಶಾಂತಿಪಾಲನಾ ಪಡೆ, ಅಂದರೆ ಐಪಿಕೆಎಫ್, ಹೋದ ಕಥೆಯನ್ನೇ ಹಿಡಿದು ನೋಡೋಣ.

ಮುಖ್ಯ ಅಂಶವನ್ನು ಮೊದಲೇ ಹೇಳಿಬಿಡುತ್ತೇನೆ. ಭಾರತಕ್ಕೆ ಅಲ್ಲಿ ಬಲದ ಕೊರತೆ ಇರಲಿಲ್ಲ. ಆದರೆ ಕಾಲಿಟ್ಟ ಮೇಲೆ ಮುಂದಿನ ಒಂದೊಂದು ಹೆಜ್ಜೆಯನ್ನೂ ಬೇರೆಯವರು ತೀರ್ಮಾನಿಸತೊಡಗಿದರು. ಕೊಲಂಬೊದ ಸರ್ಕಾರ, ತಮಿಳರಿಗೆ ಪ್ರತ್ಯೇಕ ದೇಶ ಬೇಕೆಂದು ಹೋರಾಡುತ್ತಿದ್ದ ಸಶಸ್ತ್ರ ಗುಂಪು ಎಲ್‌ಟಿಟಿಇ, ದಕ್ಷಿಣದ ಸಿಂಹಳ ಬಂಡುಕೋರರು, ಎಲ್ಲರ ಕೈಯಲ್ಲೂ ಒಂದೊಂದು ಹಗ್ಗ. ಈ ಎಳೆಯನ್ನು ಹಿಡಿದುಕೊಂಡು ಓದಿ, ಉಳಿದದ್ದೆಲ್ಲ ತಾನಾಗಿ ಜೋಡಣೆಯಾಗುತ್ತದೆ.

ಹಿನ್ನೆಲೆ, ಚುಟುಕಾಗಿ

1983ರ ಜುಲೈನಲ್ಲಿ ಕೊಲಂಬೊ ಮತ್ತಿತರ ಕಡೆ ತಮಿಳರ ಮೇಲೆ ಭೀಕರ ಹಿಂಸಾಚಾರ ನಡೆಯಿತು. ಲಕ್ಷಕ್ಕೂ ಹೆಚ್ಚು ಜನ ನಿರಾಶ್ರಿತರಾಗಿ ತಮಿಳುನಾಡಿಗೆ ಬಂದರು. ಅದೇ ಹೊತ್ತಿಗೆ ಅಧ್ಯಕ್ಷ ಜೆ.ಆರ್. ಜಯವರ್ಧನೆ ಅವರ ಸರ್ಕಾರ ಪಾಕಿಸ್ತಾನ, ಇಸ್ರೇಲ್‌ಗಳಿಂದ ಸೇನಾ ನೆರವು ಪಡೆಯುತ್ತಿತ್ತು. ಅಲ್ಲಿನ ಪೂರ್ವ ಕರಾವಳಿಯ ಟ್ರಿಂಕೋಮಲಿ ಬಂದರು ಇನ್ನೊಂದು ದೊಡ್ಡ ಶಕ್ತಿಯ ಕೈಗೆ ಹೋದರೆ ಏನು ಗತಿ ಎಂಬ ಆತಂಕ ದೆಹಲಿಗೆ ಇತ್ತು. ಈ ಆತಂಕ ಸುಳ್ಳಲ್ಲ. ಉತ್ತರ ಬರೆಯುವಾಗ ಇದನ್ನು ಬಿಡಬೇಡಿ. ಬಿಟ್ಟರೆ ಭಾರತ ಸುಮ್ನೆ ದರ್ಪ ತೋರಿಸಲು ಹೋಯಿತು ಎಂಬ ಏಕಪಕ್ಷೀಯ ಚಿತ್ರ ಬರುತ್ತದೆ.

ಆದರೆ ದೆಹಲಿ ಆರಿಸಿಕೊಂಡ ದಾರಿ ಎರಡು ಮುಖದ್ದು. ಒಂದು ಕಡೆ ಮಾತುಕತೆಗೆ ಮಧ್ಯಸ್ಥಿಕೆ. ಇನ್ನೊಂದು ಕಡೆ, 1983ರಿಂದಲೇ ಗುಪ್ತಚರ ಸಂಸ್ಥೆ ರಾ ಮೂಲಕ ತಮಿಳು ಉಗ್ರಗಾಮಿ ಗುಂಪುಗಳಿಗೆ ತರಬೇತಿ ಮತ್ತು ಶಸ್ತ್ರಾಸ್ತ್ರ. ಎಲ್‌ಟಿಟಿಇ ಆ ಗುಂಪುಗಳಲ್ಲಿ ಒಂದು. ಮುಂದೆ ಇದೇ ಎಲ್ಲಕ್ಕಿಂತ ದುಬಾರಿಯಾಯಿತು.

1987ರ ಜೂನ್: ಮೊದಲ ಬಹಿರಂಗ ಹೆಜ್ಜೆ

1987ರ ಮೇ ಕೊನೆಯಲ್ಲಿ ಶ್ರೀಲಂಕಾ ಸೇನೆ ಉತ್ತರ ತುದಿಯ ಜಾಫ್ನಾ ಪರ್ಯಾಯ ದ್ವೀಪದ ವಡಮರಾಚ್ಚಿಯಲ್ಲಿ ದೊಡ್ಡ ಕಾರ್ಯಾಚರಣೆ ಶುರುಮಾಡಿತು. ಜಾಫ್ನಾದ ಜನರಿಗೆ ಅಗತ್ಯ ವಸ್ತು ಸಿಗುತ್ತಿಲ್ಲ ಎಂದು ಭಾರತ ಜೂನ್ 3ರಂದು ರಾಮೇಶ್ವರದಿಂದ ದೋಣಿಗಳಲ್ಲಿ ಪರಿಹಾರ ಸಾಮಗ್ರಿ ಕಳಿಸಿತು. ಶ್ರೀಲಂಕಾ ನೌಕಾಪಡೆ ಅಡ್ಡಗಟ್ಟಿತು. ದೋಣಿಗಳು ವಾಪಸಾದವು.

ಮರುದಿನವೇ ದೆಹಲಿಯಲ್ಲಿದ್ದ ಶ್ರೀಲಂಕಾ ಹೈಕಮಿಷನರ್‌ಗೆ ಕರೆ ಹೋಯಿತು. ವಿಮಾನಗಳಿಂದ ಸಾಮಗ್ರಿ ಹಾಕುತ್ತೇವೆ, ತಡೆದರೆ ಜೊತೆಗಿರುವ ಯುದ್ಧವಿಮಾನಗಳು ಉತ್ತರ ಕೊಡುತ್ತವೆ ಎಂದು ತಿಳಿಸಲಾಯಿತು. ಬೆಂಗಳೂರಿನಿಂದ ಐದು ಎಎನ್-32 ಸಾಗಣೆ ವಿಮಾನಗಳು ಮಿರಾಜ್-2000 ಕಾವಲಿನಲ್ಲಿ ಹಾರಿ ಜಾಫ್ನಾದ ಮೇಲೆ ಸುಮಾರು 25 ಟನ್ ಸಾಮಗ್ರಿ ಇಳಿಸಿ ಬಂದವು. ಇದೇ ಆಪರೇಷನ್ ಪೂಮಾಲೈ.

ಒಂದೂ ಗುಂಡು ಹಾರಲಿಲ್ಲ. ಶ್ರೀಲಂಕಾಕ್ಕೆ ಯಾವ ದೊಡ್ಡ ದೇಶವೂ ನೆರವಿಗೆ ಬರಲಿಲ್ಲ. ಜಾಫ್ನಾ ನಗರದತ್ತ ಹೊರಟಿದ್ದ ಶ್ರೀಲಂಕಾ ಸೇನೆ ನಿಂತಿತು. ದೆಹಲಿಯ ಕಣ್ಣಿಗೆ ಇದು ಪೂರ್ತಿ ಗೆಲುವು. ಇಲ್ಲೇ ನಿಂತು ಯೋಚಿಸಿ. 25 ಟನ್ ಸಾಮಗ್ರಿಯಿಂದ ಜಾಫ್ನಾದ ಹಸಿವು ನೀಗುವುದಿಲ್ಲ. ಅದು ಸಂದೇಶ. ಸಂದೇಶ ಅಷ್ಟು ಸುಲಭವಾಗಿ ಕೆಲಸ ಮಾಡಿದಾಗ ಮುಂದಿನ ಹೆಜ್ಜೆಯೂ ಅಷ್ಟೇ ಸುಲಭ ಅನ್ನಿಸುತ್ತದೆ. ಈ ನೀತಿಯಲ್ಲಿ ಸೋಲಿಗಿಂತ ಮೊದಲ ಗೆಲುವೇ ಜಾಸ್ತಿ ಅಪಾಯಕಾರಿ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಒಪ್ಪಂದಕ್ಕೆ ಸಹಿ ಹಾಕಿದವರು, ಹಾಕದವರು

1987ರ ಜುಲೈ 29ರಂದು ಕೊಲಂಬೊದಲ್ಲಿ ಪ್ರಧಾನಿ ರಾಜೀವ್ ಗಾಂಧಿ ಮತ್ತು ಜಯವರ್ಧನೆ ಭಾರತ–ಶ್ರೀಲಂಕಾ ಒಪ್ಪಂದಕ್ಕೆ ಸಹಿ ಹಾಕಿದರು. ತಮಿಳು ಪ್ರದೇಶಗಳಿಗೆ ಪ್ರಾಂತೀಯ ಮಂಡಳಿ, ಉತ್ತರ ಮತ್ತು ಪೂರ್ವ ಪ್ರಾಂತ್ಯಗಳ ತಾತ್ಕಾಲಿಕ ವಿಲೀನ, ಉಗ್ರರು ಶಸ್ತ್ರ ಒಪ್ಪಿಸುವುದು. ಇವು ಒಪ್ಪಂದದಲ್ಲಿ. ಜೊತೆಗೆ ವಿನಿಮಯವಾದ ಪತ್ರಗಳಲ್ಲಿ ಬೇರೆ ವಿಷಯಗಳು: ಟ್ರಿಂಕೋಮಲಿಯನ್ನು ಭಾರತದ ಹಿತಕ್ಕೆ ವಿರುದ್ಧವಾಗಿ ಯಾವ ದೇಶದ ಸೇನಾ ಬಳಕೆಗೂ ಕೊಡಬಾರದು, ಅಲ್ಲಿನ ತೈಲ ಟ್ಯಾಂಕ್‌ಗಳನ್ನು ಭಾರತದ ಜೊತೆ ಸೇರಿ ಸರಿಪಡಿಸಿ ನಡೆಸಬೇಕು, ವಿದೇಶಿ ರೇಡಿಯೊ ಕೇಂದ್ರಗಳ ಪರಿಶೀಲನೆ ಆಗಬೇಕು. ಪತ್ರಗಳನ್ನು ತಪ್ಪದೆ ಓದಿ. ತಮಿಳರ ಹಕ್ಕು ಮತ್ತು ಭಾರತದ ಆಯಕಟ್ಟಿನ ಆಸಕ್ತಿ ಎರಡೂ ಒಂದೇ ದಿನ ಮೇಜಿನ ಮೇಲೆ ಬಂದದ್ದರಿಂದ, ಸಿಂಹಳೀಯರಿಗೆ ಎರಡರಲ್ಲೂ ನಂಬಿಕೆ ಹೋಯಿತು.

ಎಲ್‌ಟಿಟಿಇ ಸಹಿ ಹಾಕಲಿಲ್ಲ. ಅದರ ಮುಖ್ಯಸ್ಥ ಪ್ರಭಾಕರನ್‌ನನ್ನು ಜಾಫ್ನಾದಿಂದ ದೆಹಲಿಗೆ ಕರೆತಂದು ಹೋಟೆಲಿನಲ್ಲಿ ಇರಿಸಿ ಒಪ್ಪಿಸುವ ಪ್ರಯತ್ನ ನಡೆಯಿತು. ಆತ ಮನಸ್ಸಿನಿಂದ ಒಪ್ಪಲೇ ಇಲ್ಲ. ಅಂದರೆ ಯುದ್ಧ ಮಾಡುತ್ತಿದ್ದವರಲ್ಲಿ ಒಬ್ಬರು ಕಾಗದದ ಹೊರಗೇ ಉಳಿದರು, ಅವರ ಪರವಾಗಿ ಭಾರತ ಜವಾಬ್ದಾರಿ ಹೊತ್ತಿತು. ಕೊಲಂಬೊದಲ್ಲಿ ಶ್ರೀಲಂಕಾದ ಪ್ರಧಾನಿ ಪ್ರೇಮದಾಸ ಕೂಡ ಒಪ್ಪಂದದ ವಿರೋಧಿ. ನಗರದಲ್ಲಿ ಗಲಭೆ, ಕರ್ಫ್ಯೂ. ಜುಲೈ 30ರಂದು ಗೌರವ ವಂದನೆ ಸ್ವೀಕರಿಸುತ್ತಿದ್ದ ರಾಜೀವ್ ಅವರ ಮೇಲೆ ಸಾಲಿನಲ್ಲಿದ್ದ ನಾವಿಕನೊಬ್ಬ ಬಂದೂಕಿನ ಹಿಡಿ ಬೀಸಿದ. ಅವರು ತಲೆ ತಗ್ಗಿಸಿದ್ದರಿಂದ ಏಟು ಭುಜಕ್ಕೆ ಬಿತ್ತು.

ಒಪ್ಪಂದವನ್ನು ಜಾರಿಗೆ ತರಲು ಐಪಿಕೆಎಫ್ ಶ್ರೀಲಂಕಾಕ್ಕೆ ಹೋಯಿತು. ಜಯವರ್ಧನೆ ಅವರ ಲೆಕ್ಕವನ್ನೂ ಗಮನಿಸಿ. ದೇಶದ ಉತ್ತರ ಭಾಗವನ್ನು ಭಾರತೀಯ ಸೇನೆ ನೋಡಿಕೊಂಡರೆ, ತನ್ನ ಸೈನಿಕರನ್ನು ದಕ್ಷಿಣದ ದಂಗೆ ಅಡಗಿಸಲು ಬಳಸಬಹುದು. ಭಾರತ ತಾನು ಒತ್ತಡ ಹಾಕಿ ಗೆದ್ದೆ ಎಂದುಕೊಂಡಿತು. ತಮ್ಮ ಕಷ್ಟದ ಅರ್ಧ ಪಾಲನ್ನು ಅವರು ಅದೇ ದಿನ ಭಾರತದ ಹೆಗಲಿಗೆ ದಾಟಿಸಿದ್ದರು.

ಅಕ್ಟೋಬರ್: ಶಾಂತಿಪಾಲನೆ ಯುದ್ಧವಾದದ್ದು

ಎಲ್ಲರೂ ಇಲ್ಲಿ ದಿನಾಂಕಗಳನ್ನಷ್ಟೇ ಉರು ಹೊಡೆಯುತ್ತಾರೆ. ಸರಪಳಿಯನ್ನು ನೋಡಿ.

ಎಲ್‌ಟಿಟಿಇ ಒಂದಿಷ್ಟು ಶಸ್ತ್ರ ಒಪ್ಪಿಸಿ ಉಳಿದದ್ದನ್ನು ಇಟ್ಟುಕೊಂಡಿತು. ಸೆಪ್ಟೆಂಬರ್‌ನಲ್ಲಿ ಅದರ ನಾಯಕ ತಿಲೀಪನ್ ಜಾಫ್ನಾದ ನಲ್ಲೂರಿನಲ್ಲಿ ಭಾರತದ ಮುಂದೆ ಬೇಡಿಕೆ ಇಟ್ಟು ನೀರೂ ಮುಟ್ಟದೆ ಉಪವಾಸ ಕೂತ. 26ರಂದು ಸತ್ತ. ಹೂಮಾಲೆ ಹಾಕಿ ಭಾರತೀಯ ಸೈನಿಕರನ್ನು ಬರಮಾಡಿಕೊಂಡಿದ್ದ ಜಾಫ್ನಾದ ಜನ ದೂರವಾಗತೊಡಗಿದರು. ಅಕ್ಟೋಬರ್ ಮೊದಲ ವಾರ ಶ್ರೀಲಂಕಾ ನೌಕಾಪಡೆ 17 ಎಲ್‌ಟಿಟಿಇ ಸದಸ್ಯರನ್ನು ಸಮುದ್ರದಲ್ಲಿ ಹಿಡಿಯಿತು. ವಿಚಾರಣೆಗೆ ಕೊಲಂಬೊಗೆ ಒಯ್ಯುತ್ತೇವೆ ಎಂದು ಕೊಲಂಬೊ ಹಟ ಹಿಡಿಯಿತು. ಭಾರತ ತಡೆಯಲು ನೋಡಿತು, ಆಗಲಿಲ್ಲ. 5ರಂದು ಜಾಫ್ನಾ ಬಳಿಯ ಪಲಾಲಿ ಸೇನಾ ನೆಲೆಯಲ್ಲಿ ಅವರು ಸಯನೈಡ್ ನುಂಗಿದರು. 12 ಜನ ಸತ್ತರು, ಅವರಲ್ಲಿ ಇಬ್ಬರು ಪ್ರಾದೇಶಿಕ ಕಮಾಂಡರ್‌ಗಳು. ಎಲ್‌ಟಿಟಿಇ ಪೂರ್ವ ಪ್ರಾಂತ್ಯದಲ್ಲಿ ಸಿಂಹಳ ನಾಗರಿಕರನ್ನು ಕೊಲ್ಲತೊಡಗಿತು. ಒಪ್ಪಂದಕ್ಕೆ ಜಾಮೀನು ನಿಂತಿದ್ದ ಭಾರತಕ್ಕೆ ಈಗ ಎಲ್‌ಟಿಟಿಇಯ ಶಸ್ತ್ರ ಕಿತ್ತುಕೊಳ್ಳುವುದನ್ನು ಬಿಟ್ಟು ಬೇರೆ ದಾರಿ ಕಾಣಲಿಲ್ಲ. ಈ ಸರಪಳಿಯ ಎಷ್ಟು ಕೊಂಡಿಗಳನ್ನು ದೆಹಲಿ ತಾನಾಗಿ ಆರಿಸಿತ್ತು, ಎಣಿಸಿ ನೋಡಿ.

ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಆವರಣಕ್ಕೆ ಹೆಲಿಕಾಪ್ಟರ್‌ಗಳಲ್ಲಿ ಪ್ಯಾರಾ ಕಮಾಂಡೊಗಳನ್ನೂ 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ ಯೋಧರನ್ನೂ ಇಳಿಸಲಾಯಿತು. ಎಲ್‌ಟಿಟಿಇ ನಾಯಕರನ್ನು ಒಂದೇ ಏಟಿಗೆ ಹಿಡಿಯುವ ಯೋಜನೆ. ಎಲ್‌ಟಿಟಿಇ ರೇಡಿಯೊ ಸಂದೇಶಗಳನ್ನು ಕೇಳಿಸಿಕೊಂಡು ಮೊದಲೇ ಸಜ್ಜಾಗಿತ್ತು. ಹೆಲಿಕಾಪ್ಟರ್‌ಗಳಿಗೆ ಏಟು ಬಿದ್ದು ಮುಂದಿನ ಸರದಿಗಳು ನಿಂತವು. ಇಳಿದಿದ್ದ 30 ಸಿಖ್ ಯೋಧರು ಒಂಟಿಯಾದರು. ಸುತ್ತುವರಿದ ಗುಂಡಿನ ನಡುವೆ ಅವರು ಮರುದಿನದವರೆಗೂ ಹೋರಾಡಿದರು. 29 ಜನ ಸತ್ತರು, ಒಬ್ಬ ಸೆರೆಯಾದ. ಇದನ್ನು ಓದುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಕೆಲವು ವರ್ಷಗಳ ಹಿಂದೆ ತನ್ನದೇ ದೇಶ ತರಬೇತಿ ಕೊಟ್ಟಿದ್ದ ಗುಂಪಿನ ಕೈಯಲ್ಲಿ ಆ ಹುಡುಗರು ಸತ್ತರು.

ಜಾಫ್ನಾ ಪಟ್ಟಣ ಎರಡು ವಾರದೊಳಗೆ ಕೈಗೆ ಬಂತು. ಆದರೆ ಅಕ್ಟೋಬರ್ 21ರಂದು ಜಾಫ್ನಾ ಆಸ್ಪತ್ರೆಯೊಳಗೆ ಭಾರತೀಯ ಸೈನಿಕರು ಹಾರಿಸಿದ ಗುಂಡಿಗೆ ರೋಗಿಗಳು, ವೈದ್ಯರು, ನರ್ಸ್‌ಗಳು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಒಳಗಿನಿಂದ ಗುಂಡು ಬಂತು ಎಂದು ಸೇನೆ ಹೇಳಿತು. ಬದುಕುಳಿದವರು ಹೇಳಿದ್ದು ಬೇರೆಯೇ. ಯಾರನ್ನು ಕಾಪಾಡಲು ಹೋದೆವೋ ಅವರ ಆಸ್ಪತ್ರೆಯಲ್ಲಿ ಇದು ನಡೆದ ಮೇಲೆ ಶಾಂತಿಪಾಲನೆ ಎಂಬ ಹೆಸರಿಗೆ ಅಲ್ಲಿ ಬೆಲೆ ಉಳಿಯಲಿಲ್ಲ. ಈ ಸಾವುಗಳನ್ನು ನಮ್ಮ ಟಿಪ್ಪಣಿಗಳಲ್ಲಿ ಬಿಟ್ಟುಬಿಡುವುದು ತಪ್ಪು.

ಒಂದು ಡಿವಿಷನ್‌ನಿಂದ ಶುರುವಾದದ್ದು ನಾಲ್ಕು ಡಿವಿಷನ್ ಆಯಿತು.

ಆತಿಥೇಯ ದೇಶದ ತಿರುಗೇಟು

ದಕ್ಷಿಣದಲ್ಲಿ ಜೆವಿಪಿ ಎಂಬ ಸಿಂಹಳ ಎಡಪಂಥೀಯ ಸಂಘಟನೆ ಭಾರತೀಯ ಸೇನೆಯ ಇರುವಿಕೆಯನ್ನೇ ಮುಂದಿಟ್ಟು ದೊಡ್ಡ ಬಂಡಾಯ ಎಬ್ಬಿಸಿತು. ಆ ಬಂಡಾಯದಲ್ಲೂ ಅದನ್ನು ಅಡಗಿಸುವುದರಲ್ಲೂ ಸತ್ತವರು ಹತ್ತಾರು ಸಾವಿರ. 1988ರ ಡಿಸೆಂಬರ್‌ನಲ್ಲಿ ಪ್ರೇಮದಾಸ ಅಧ್ಯಕ್ಷರಾಗಿ ಆಯ್ಕೆಯಾದರು. 1989ರ ಜೂನ್‌ನಲ್ಲಿ ಅವರು ಜುಲೈ ಮುಗಿಯುವುದರೊಳಗೆ ಭಾರತೀಯ ಸೇನೆ ಹೊರಡಬೇಕೆಂದು ಬಹಿರಂಗವಾಗಿ ಕೇಳಿದರು. ಅಷ್ಟೇ ಅಲ್ಲ, ಐಪಿಕೆಎಫ್ ವಿರುದ್ಧ ಹೋರಾಡಲು ಅವರ ಸರ್ಕಾರವೇ ಎಲ್‌ಟಿಟಿಇಗೆ ಶಸ್ತ್ರ ಕೊಟ್ಟಿತು. ಪರಸ್ಪರ ಕೊಲ್ಲುತ್ತಿದ್ದ ಎರಡು ಪಕ್ಷಗಳು ಮೂರನೆಯವನನ್ನು ಹೊರಹಾಕಲು ಕೈಜೋಡಿಸಿದವು. ಹೊರಗಿನ ಬಲ ಬಂದಾಗ ಒಳಗಿನ ಶತ್ರುಗಳು ಹೀಗೆ ಒಂದಾಗಬಹುದು ಎಂಬ ಅಂಶಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ವಿ.ಪಿ. ಸಿಂಗ್ ಸರ್ಕಾರ ಬಂದ ಮೇಲೆ ವಾಪಸಾತಿ ಪೂರ್ತಿಯಾಯಿತು. 1990ರ ಮಾರ್ಚ್ 24ರಂದು ಕೊನೆಯ ತಂಡ ಟ್ರಿಂಕೋಮಲಿಯಿಂದ ಹಡಗು ಹತ್ತಿತು. ಅಷ್ಟರಲ್ಲಿ ಸುಮಾರು 1,200 ಭಾರತೀಯ ಸೈನಿಕರು ಸತ್ತಿದ್ದರು. ಹಿಂದಿರುಗಿದವರನ್ನು ಮದ್ರಾಸಿನಲ್ಲಿ ಸ್ವಾಗತಿಸಲು ತಮಿಳುನಾಡು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಪ್ರೇಮದಾಸ–ಎಲ್‌ಟಿಟಿಇ ಸ್ನೇಹವೂ ಉಳಿಯಲಿಲ್ಲ. ಜೂನ್‌ನಲ್ಲೇ ಮತ್ತೆ ಯುದ್ಧ.

1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಎಲ್‌ಟಿಟಿಇಯ ಆತ್ಮಾಹುತಿ ಬಾಂಬರ್ ರಾಜೀವ್ ಗಾಂಧಿಯವರನ್ನು ಕೊಂದಳು. ಸಂಚಿನ ಮುಖ್ಯಸ್ಥ ಶಿವರಾಸನ್ ಮತ್ತು ಸಂಗಡಿಗರು ಅಡಗಿದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲಿ. ಆಗಸ್ಟ್‌ನಲ್ಲಿ ಪೊಲೀಸರು ಸುತ್ತುವರಿದಾಗ ಅವರು ಅಲ್ಲೇ ಸತ್ತರು. ಹೊರದೇಶದ ಜಗಳದಲ್ಲಿ ಕೈ ಹಾಕಿದರೆ ಅದು ಗಡಿಯಾಚೆಗೇ ಉಳಿಯುತ್ತದೆ ಎಂಬ ಊಹೆ ಇಲ್ಲಿ ಸುಳ್ಳಾಯಿತು.

ಸಿಕ್ಕಿದ್ದೇನು?

ಶ್ರೀಲಂಕಾ ಸಂವಿಧಾನದ 13ನೇ ತಿದ್ದುಪಡಿ ಮತ್ತು ಪ್ರಾಂತೀಯ ಮಂಡಳಿಗಳು ಬಂದವು, ಇದು ಸಣ್ಣದಲ್ಲ. ಆದರೆ ಪೊಲೀಸ್, ಭೂಮಿಯ ಅಧಿಕಾರಗಳು ಪೂರ್ತಿ ಹಸ್ತಾಂತರವಾಗಲಿಲ್ಲ. ಉತ್ತರ–ಪೂರ್ವ ವಿಲೀನವನ್ನು 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಟ್ರಿಂಕೋಮಲಿ ತೈಲ ಟ್ಯಾಂಕ್‌ಗಳ ಕಥೆ ಇನ್ನೂ ಕುತೂಹಲದ್ದು. 1987ರ ಪತ್ರದಲ್ಲಿದ್ದ ಮಾತು ಸೇನೆ ಇದ್ದಾಗ ಕೈಗೂಡಲಿಲ್ಲ. 2003ರಲ್ಲಿ ವ್ಯಾಪಾರದ ದಾರಿಯಲ್ಲಿ ಇಂಡಿಯನ್ ಆಯಿಲ್ ಅಂಗಸಂಸ್ಥೆ ಅಲ್ಲಿಗೆ ಹೋಯಿತು, 2022ರ ಜನವರಿಯಲ್ಲಿ ಜಂಟಿ ಅಭಿವೃದ್ಧಿಯ ಒಪ್ಪಂದವಾಯಿತು. ಅದೇ ವರ್ಷದ ಆರ್ಥಿಕ ಕುಸಿತದಲ್ಲಿ ಭಾರತ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು. ಈ ನೆರವು ಗಳಿಸಿದ ಸದ್ಭಾವನೆ ಮಿರಾಜ್‌ಗಳು ಗಳಿಸಿದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ.

ಸೇನೆ ಇಲ್ಲದ ಒತ್ತಡ: ನೇಪಾಳ

ಸೇನೆ ಕಳಿಸಿದರೆ ಮಾತ್ರ ಅಪಾಯ ಎಂದುಕೊಳ್ಳಬೇಡಿ. 1988ರಲ್ಲಿ ನೇಪಾಳ ಚೀನಾದಿಂದ ಶಸ್ತ್ರ ಕೊಂಡಿತು. 1989ರ ಮಾರ್ಚ್‌ನಲ್ಲಿ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ ಭಾರತ ಹೆಚ್ಚಿನ ಗಡಿದಾರಿಗಳನ್ನು ಮುಚ್ಚಿತು. 2015ರಲ್ಲಿ ನೇಪಾಳದ ಹೊಸ ಸಂವಿಧಾನದ ವಿರುದ್ಧ ಭಾರತದ ಗಡಿಗೆ ಹತ್ತಿದ ಬಯಲಿನ ಮಧೇಶಿಗಳ ಪ್ರತಿಭಟನೆ ನಡೆದಾಗ ಗಡಿಯಲ್ಲಿ ಮತ್ತೆ ಲಾರಿಗಳು ನಿಂತವು. ಪ್ರತಿಭಟನೆಯಿಂದ ಹೀಗಾಗಿದೆ, ದಿಗ್ಬಂಧನ ನಮ್ಮದಲ್ಲ ಎಂದು ದೆಹಲಿ ಹೇಳಿತು. ಕಠ್ಮಂಡುವಿನ ಜನ ನಂಬಲಿಲ್ಲ. ಭೂಕಂಪವಾಗಿ ಕೆಲವೇ ತಿಂಗಳಾಗಿತ್ತು, ಅಡುಗೆ ಅನಿಲಕ್ಕೆ, ಔಷಧಿಗೆ ಪರದಾಟ. 2016ರ ಮಾರ್ಚ್‌ನಲ್ಲಿ ಪ್ರಧಾನಿ ಓಲಿ ಬೀಜಿಂಗಿಗೆ ಹೋಗಿ ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿದರು. ಚೀನಾದತ್ತ ಹೋಗದಿರಲಿ ಎಂದು ಹಾಕಿದ ಒತ್ತಡವೇ ಅತ್ತ ತಳ್ಳಿತು.

ಹಾಗಾದರೆ ಬಲ ಬಳಸಲೇಬಾರದೇ?

ಹಾಗೆ ಬರೆದರೆ ಉತ್ತರ ಅರ್ಧವಾಗುತ್ತದೆ. 1988ರ ನವೆಂಬರ್ 3ರಂದು ಮಾಲ್ಡೀವ್ಸ್‌ನಲ್ಲಿ ಬಾಡಿಗೆ ಸೈನಿಕರು ದಂಗೆ ಎಬ್ಬಿಸಿದರು. ಅಧ್ಯಕ್ಷ ಗಯೂಮ್ ನೆರವು ಕೇಳಿದರು. ಅದೇ ರಾತ್ರಿ ಆಗ್ರಾದಿಂದ ಪ್ಯಾರಾಟ್ರೂಪರ್‌ಗಳು ಹೋಗಿ ಇಳಿದರು. ಕೆಲಸ ಚಿಕ್ಕದು, ಸ್ಪಷ್ಟವಾದದ್ದು. ಮುಗಿದ ಮೇಲೆ ಹೆಚ್ಚಿನವರು ಬೇಗ ವಾಪಸಾದರು. 1971ರ ಬಾಂಗ್ಲಾ ಯುದ್ಧ ತುಂಬಾ ದೊಡ್ಡದು, ಆದರೂ 1972ರ ಮಾರ್ಚ್‌ನಲ್ಲಿ ಭಾರತೀಯ ಸೇನೆ ಢಾಕಾ ಬಿಟ್ಟಿತ್ತು. ಎರಡೂ ಕಡೆ ಅಲ್ಲಿನ ಜನರಲ್ಲಿ ಬಹುಪಾಲು ಅಥವಾ ಅಲ್ಲಿನ ಸರ್ಕಾರ ನಿಜವಾಗಿ ಕರೆದಿತ್ತು, ಹೊರಡುವುದು ಯಾವಾಗ ಎಂಬುದು ಭಾರತದ ಕೈಯಲ್ಲೇ ಇತ್ತು.

1996ರಲ್ಲಿ ಆಗಿನ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಮುಂದಿಟ್ಟ ಗುಜ್ರಾಲ್ ಸಿದ್ಧಾಂತವನ್ನು ಇದರ ಪಕ್ಕದಲ್ಲಿಟ್ಟು ಓದಿ. ಸಣ್ಣ ನೆರೆಯವರಿಂದ ಸಮಾನ ಪ್ರತಿಫಲ ಕೇಳದೆ ಕೊಡುವುದು, ಒಬ್ಬರ ಆಂತರಿಕ ವಿಷಯದಲ್ಲಿ ಇನ್ನೊಬ್ಬರು ಕೈ ಹಾಕದಿರುವುದು ಅದರ ತಿರುಳು. ಅದು ಯಾವ ಅನುಭವದಿಂದ ಬಂತು ಎಂಬುದು ಈಗ ನಿಮಗೆ ಗೊತ್ತು.

ಅಭ್ಯಾಸಕ್ಕೆ ಈ ಪ್ರಶ್ನೆ ಬರೆದು ನೋಡಿ: 1971, 1987 ಮತ್ತು 1988ರ ಮೂರು ಕಾರ್ಯಾಚರಣೆಗಳಲ್ಲಿ ಯಾರು ಕರೆದರು, ಯಾರು ಒಪ್ಪಲಿಲ್ಲ, ಹೊರಬರುವ ದಿನವನ್ನು ಯಾರು ನಿರ್ಧರಿಸಿದರು? 250 ಪದ ಸಾಕು.