ಜೇನಿನ ಮುಳ್ಳು, ಸೊಳ್ಳೆಯ ಹೊಟ್ಟೆ

ಹೋದ ಏಪ್ರಿಲ್‌ನಲ್ಲಿ ಸಕಲೇಶಪುರದ ಹತ್ತಿರ ಚಿಕ್ಕಪ್ಪನ ತೋಟಕ್ಕೆ ಹೋಗಿದ್ದೆ. ಹೂಮಳೆ ಬಿದ್ದು, ಕಾಫಿ ಹೂವೆಲ್ಲ ಅರಳಿ ಉದುರಿಯೂ ಆಗಿತ್ತು. ತುಡುವೆ ಜೇನಿನ ಪೆಟ್ಟಿಗೆಗಳಲ್ಲಿ ತುಪ್ಪ ತುಂಬಿದೆ, ತೆಗೆಯೋಣ ಬಾ ಅಂದರು. ಚಿಕ್ಕಪ್ಪ ಬರಿಗೈಯಲ್ಲಿ ಎರಿ ಎತ್ತುವ ಆಸಾಮಿ. ನಾನು ಮುಚ್ಚಳ ತೆಗೆಯುವಾಗ ಪೆಟ್ಟಿಗೆ ಸ್ವಲ್ಪ ಕುಲುಕಿಬಿಟ್ಟೆ, ಅಷ್ಟೇ. ಮಣಿಕಟ್ಟಿಗೆ ಒಂದು ಹೊಡೆಯಿತು.

ಜೇನು ಹೋಗಿತ್ತು, ಮುಳ್ಳು ಉಳಿದಿತ್ತು. ಮುಳ್ಳಿನ ಬುಡದಲ್ಲಿ ಸಾಸಿವೆಗಿಂತ ಚಿಕ್ಕದೊಂದು ಬಿಳಿ ಚೀಲ. ಆ ಚೀಲ ಇನ್ನೂ ಮಿಡಿಯುತ್ತಿತ್ತು! ಹುಳವೇ ಇಲ್ಲ, ಆದರೂ ಅದು ತನ್ನ ಪಾಡಿಗೆ ತಾನು ಪಂಪ್ ಮಾಡುತ್ತಲೇ ಇತ್ತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದೆ, ಚಿಕ್ಕಪ್ಪ ಬಂದು ಉಗುರಲ್ಲಿ ಕೆರೆದು ತೆಗೆದರು. "ನೋಡ್ತಾ ನಿಂತ್ರೆ ಪೂರ್ತಿ ಇಳಿಸುತ್ತೆ ಕಣೋ" ಅಂದರು. ಮೂಗಿನ ಹತ್ತಿರ ಕೈ ಹಿಡಿದರೆ ಸಣ್ಣಗೆ ಬಾಳೆಹಣ್ಣಿನ ವಾಸನೆ. ಅದು ಬೇರೆ ಜೇನುಗಳಿಗೆ 'ಇಲ್ಲೇ ಹೊಡೀರಿ' ಅಂತ ಕೊಡುವ ಕರೆ. ಅದರಲ್ಲಿರುವ ಐಸೋಪೆಂಟೈಲ್ ಅಸಿಟೇಟ್ ಅನ್ನುವ ವಸ್ತುವನ್ನೇ ಪೆಪ್ಪರ್‌ಮಿಂಟಿಗೆ ಬಾಳೆಹಣ್ಣಿನ ಘಮ ಕೊಡಲು ಹಾಕುತ್ತಾರೆ. ಹಾಗಾಗಿ ಒಂದು ಹೊಡೆದ ಮೇಲೆ ಅಲ್ಲೇ ನಿಲ್ಲಬಾರದು.

ಜಗಲಿಯಲ್ಲಿ ಕೂತಿದ್ದ ಅಜ್ಜಿ ಸುಣ್ಣ ಹಚ್ಚುತ್ತಾ ಒಂದು ಮಾತು ಹೇಳಿದರು. "ಹೊಡೀಲಿ ಬಿಡು, ಮೈಯಲ್ಲಿರೋ ಜ್ವರ ಎಲ್ಲ ಇಳಿಯುತ್ತೆ."

ಅಜ್ಜಿಯ ಕಾಲದ ಮಲೆನಾಡಿನಲ್ಲಿ ಜ್ವರ ಅಂದರೆ ಚಳಿಜ್ವರ, ಅಂದರೆ ಮಲೇರಿಯಾ. ಡಿಡಿಟಿ ಬರುವವರೆಗೆ ಈ ಕಡೆ ಮಕ್ಕಳ ಹೊಟ್ಟೆ ಮುಟ್ಟಿದರೆ ಜ್ವರಗಡ್ಡೆ ಸಿಗುತ್ತಿತ್ತಂತೆ, ಅಂದರೆ ಊದಿಕೊಂಡ ಗುಲ್ಮ. ಅಜ್ಜಿ ಮಾತಿಗೆ ಸುಮ್ನೆ ನಕ್ಕುಬಿಟ್ಟೆ. ಊರಿಗೆ ವಾಪಸ್ ಬಂದು ಓದಿ ನೋಡಿದರೆ, ಜೇನು ವಿಷವನ್ನು ಮಲೇರಿಯಾ ಮೇಲೆ, ಕಾಲಾ ಅಜರ್ ಅನ್ನುವ ಇನ್ನೊಂದು ಜ್ವರದ ಮೇಲೆ ಪ್ರಯೋಗಿಸುವ ಕೆಲಸ ಮೂವತ್ತೈದು ವರ್ಷಕ್ಕೂ ಜಾಸ್ತಿ ಕಾಲದಿಂದ ನಡೆದಿದೆ. ಅಜ್ಜಿ ಹೇಳಿದ ಥರ ಅಲ್ಲ, ಅದು ಬೇರೆ ಮಾತು.

ಮೊದಲು ವಿಷದಲ್ಲಿ ಏನಿದೆ ನೋಡೋಣ. ಒಂದು ಹೊಡೆತಕ್ಕೆ ಒಳಗೆ ಹೋಗುವುದು ಒಣತೂಕದಲ್ಲಿ ಒಂದು ಮಿಲಿಗ್ರಾಂನ ಹತ್ತನೇ ಒಂದೋ ಎರಡೋ ಪಾಲು. ಇದು ಯುರೋಪಿನ ಮೆಲ್ಲಿಫೆರಾ ಜೇನಿನ ಲೆಕ್ಕ, ಸಂಶೋಧನೆ ಹೆಚ್ಚಾಗಿ ನಡೆದಿರುವುದೂ ಅದರ ಮೇಲೆಯೇ. ಆ ಚೂರಿನಲ್ಲಿ ಹೆಚ್ಚು ಕಡಿಮೆ ಅರ್ಧ ಒಂದೇ ವಸ್ತು, ಮೆಲಿಟಿನ್. ಬರೀ 26 ಅಮೈನೊ ಆಮ್ಲಗಳ ಪುಟ್ಟ ಸರಪಳಿ. ಅದರ ನಂತರದ ಪಾಲು ಫಾಸ್ಫೊಲೈಪೇಸ್ ಎ2 ಅನ್ನುವ ಕಿಣ್ವದ್ದು, ಹತ್ತರಲ್ಲಿ ಒಂದು ಭಾಗದಷ್ಟು. ನರಗಳ ಮೇಲೆ ಕೆಲಸ ಮಾಡುವ ಅಪಮಿನ್, ತುರಿಕೆ ತರಿಸುವ ಹಿಸ್ಟಮಿನ್ ಇತ್ಯಾದಿ ಉಳಿದದ್ದು. ನಮ್ಮ ಕಥೆಗೆ ಮೊದಲಿನ ಎರಡು ಸಾಕು.

ಮೆಲಿಟಿನ್ ಹೇಗೆ ಕೊಲ್ಲುತ್ತದೆ? ಅಂಟುವಾಳ ಕಾಯಿಯನ್ನು ನೆನಪಿಸಿಕೊಳ್ಳಿ. ಅದರ ನೊರೆ ಎಣ್ಣೆ ಜಿಡ್ಡನ್ನು ಬಿಡಿಸುವುದು ಯಾಕೆ ಅಂದರೆ, ಅದರ ಕಣಕ್ಕೆ ಎರಡು ಮುಖ. ಒಂದು ನೀರಿಗೆ ಒಗ್ಗುತ್ತದೆ, ಇನ್ನೊಂದು ಎಣ್ಣೆಗೆ. ಮೆಲಿಟಿನ್ ಕೂಡ ಅಂಥದ್ದೇ. ಜೀವಕೋಶದ ಹೊರಪೊರೆ ಅಂದರೆ ಒಂದು ತೆಳು ಜಿಡ್ಡಿನ ಪದರ ಅಲ್ವಾ, ಅದರ ಮೇಲೆ ಮೆಲಿಟಿನ್ ಮಲಗಿಕೊಳ್ಳುತ್ತದೆ, ಜೊತೆಗೆ ಇನ್ನೊಂದಿಷ್ಟು ಬಂದು ಸೇರುತ್ತವೆ, ಎಲ್ಲ ಸೇರಿ ಒಳಗೆ ನುಗ್ಗಿ ಪೊರೆಗೆ ತೂತು ಮಾಡುತ್ತವೆ. ಒಳಗಿನದ್ದು ಹೊರಗೆ, ಹೊರಗಿನದ್ದು ಒಳಗೆ. ಕೋಶ ಅಲ್ಲಿಗೆ ಮುಗಿಯಿತು.

ಮಲೇರಿಯಾ, ಕಾಲಾ ಅಜರ್, ದಕ್ಷಿಣ ಅಮೆರಿಕದ ಚಾಗಸ್ ರೋಗ, ಇವಕ್ಕೆಲ್ಲ ಕಾರಣ ಒಂದೇ ಕೋಶದ ಪರಾವಲಂಬಿಗಳು. (ನಮ್ಮ ಮಲೆನಾಡಿನ ಮಂಗನ ಕಾಯಿಲೆ ಈ ಗುಂಪಿನದ್ದಲ್ಲ, ಅದು ವೈರಸ್ಸು.) ಇವಕ್ಕೆ ಔಷಧಿ ಹುಡುಕುವುದು ಬ್ಯಾಕ್ಟೀರಿಯಾಗೆ ಹುಡುಕುವುದಕ್ಕಿಂತ ಕಷ್ಟ. ಬ್ಯಾಕ್ಟೀರಿಯಾದ ಕೋಶಕ್ಕೆ ಗೋಡೆ ಇದೆ, ನಮ್ಮ ಕೋಶಕ್ಕಿಲ್ಲ. ಪೆನಿಸಿಲಿನ್ ಆ ಗೋಡೆ ಕಟ್ಟುವುದನ್ನೇ ಕೆಡಿಸುತ್ತದೆ, ನಮಗೇನೂ ಆಗುವುದಿಲ್ಲ. ಆದರೆ ಪರಾವಲಂಬಿಯ ಕೋಶ ಒಳಗಿನ ರಚನೆಯಲ್ಲಿ ನಮ್ಮದರ ದಾಯಾದಿಯ ಹಾಗೆ. ಅದಕ್ಕೆ ಹೊಡೆದ ಏಟು ನಮಗೂ ತಾಗುತ್ತದೆ. ಮೇಲಿಂದ ಇವು ಔಷಧಿಗೆ ಒಗ್ಗಿಕೊಂಡುಬಿಡುತ್ತವೆ. ಕಾಲಾ ಅಜರ್ ತರುವ ಲೀಶ್ಮೇನಿಯಾವನ್ನು 1903ರಲ್ಲಿ ಗುರುತಿಸಿದ ಇಬ್ಬರಲ್ಲಿ ಒಬ್ಬರಾದ ಡೊನೊವನ್ ಕೆಲಸ ಮಾಡುತ್ತಿದ್ದದ್ದು ಮದ್ರಾಸಿನಲ್ಲಿ. ಆಮೇಲೆ ಎಷ್ಟೋ ದಶಕ ಆಂಟಿಮನಿ ಚುಚ್ಚುಮದ್ದೇ ಆ ರೋಗಕ್ಕೆ ಗತಿಯಾಗಿತ್ತು, ಕೊನೆಗೆ ಬಿಹಾರದಲ್ಲಿ ಅದು ನಾಟುವುದೇ ನಿಂತುಹೋಯಿತು. ಚಾಗಸ್‌ಗಂತೂ ಇವತ್ತಿಗೂ ಇರುವುದು ಎರಡೇ ಔಷಧಿ, ಎರಡಕ್ಕೂ ಅರ್ಧ ಶತಮಾನ ವಯಸ್ಸು.

ಪೊರೆಗೇ ತೂತು ಹಾಕುವ ವಸ್ತುವಿನ ಮೇಲೆ ಆಸೆ ಹುಟ್ಟಿದ್ದು ಇದಕ್ಕೇ. ಒಂದು ಕಿಣ್ವವನ್ನು ತಡೆಯುವ ಔಷಧಿಯಾದರೆ ಪರಾವಲಂಬಿ ಆ ಕಿಣ್ವವನ್ನು ಚೂರು ಬದಲಾಯಿಸಿ ತಪ್ಪಿಸಿಕೊಳ್ಳುತ್ತದೆ, ಮೈಮೇಲಿನ ಪೊರೆಯನ್ನೇ ಬದಲಾಯಿಸುವುದು ಅಷ್ಟು ಸುಲಭ ಅಲ್ಲ. 2013ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಚಾಗಸ್ ರೋಗದ ಟ್ರಿಪನೊಸೋಮಾ ಕ್ರೂಜಿ ಮೇಲೆ ಮೆಲಿಟಿನ್ ಹಾಕಿ ನೋಡಿದರು. ಪರಾವಲಂಬಿಯ ಮೂರೂ ಹಂತಗಳು ಸತ್ತವು. ರಕ್ತದಲ್ಲಿ ಈಜುವ ಹಂತ ಮತ್ತು ನಮ್ಮ ಕೋಶದೊಳಗೆ ಅಡಗುವ ಹಂತಕ್ಕೆ ತೀರಾ ಕಡಿಮೆ ಪ್ರಮಾಣ ಸಾಕಾಯಿತು. ಎಲ್ಲವೂ ಒಂದೇ ರೀತಿ ಸಾಯಲಿಲ್ಲ ಅನ್ನುವುದು ಇನ್ನೂ ಕುತೂಹಲದ್ದು: ಕೆಲವು ತಮ್ಮ ಒಳಗನ್ನು ತಾವೇ ಜೀರ್ಣಿಸಿಕೊಂಡವು, ಕೆಲವು ಆತ್ಮಹತ್ಯೆ ಮಾಡಿಕೊಂಡ ಕೋಶದ ಹಾಗೆ ಕುಗ್ಗಿಹೋದವು. ಇದೆಲ್ಲ ಗಾಜಿನ ತಟ್ಟೆಯಲ್ಲಿ ನಡೆದದ್ದು, ರೋಗಿಯ ಮೈಯಲ್ಲಿ ಅಲ್ಲ. ಇದೇ ಕುಲದ ಇನ್ನೊಂದು ಟ್ರಿಪನೊಸೋಮಾ ನಮ್ಮ ದೇಶದ ದನ, ಕುದುರೆ, ನಾಯಿಗಳಿಗೆ ಸರ್ರಾ ರೋಗ ತರುತ್ತದೆ, ಹಾಗಾಗಿ ಇದು ಬರೀ ದೂರದೇಶದ ಸುದ್ದಿಯೂ ಅಲ್ಲ.

ಈಗ ಎಡವಟ್ಟಿನ ಮಾತು. ಅಂಟುವಾಳಕ್ಕೆ ಯಾರ ಮನೆಯ ಜಿಡ್ಡು ಅನ್ನುವ ಭೇದ ಇಲ್ಲ. ಮೆಲಿಟಿನ್‌ಗೂ ಇಲ್ಲ. ನಮ್ಮ ಕೆಂಪು ರಕ್ತಕಣಕ್ಕೆ ಹಾಕಿದರೆ ಅದನ್ನೂ ಒಡೆಯುತ್ತದೆ. ಮಲೇರಿಯಾದ ಪರಾವಲಂಬಿ ಬೇರೆ ಆ ರಕ್ತಕಣದ ಒಳಗೇ ಕೂತಿರುತ್ತದೆ, ಇಲಿ ಕಾಟ ಅಂತ ಮನೆಗೇ ಬೆಂಕಿ ಇಟ್ಟ ಹಾಗಾಗುತ್ತದೆ. ನುಂಗುವ ಗುಳಿಗೆ ಮಾಡೋಣ ಅಂದರೆ ಇದು ಪ್ರೋಟೀನಿನ ತುಂಡು, ಹೊಟ್ಟೆಯಲ್ಲಿ ಬೇಳೆಸಾರಿನ ಹಾಗೆ ಅರಗಿಹೋಗುತ್ತದೆ. ವಿಷದಲ್ಲಿರುವ ಆ ಫಾಸ್ಫೊಲೈಪೇಸ್‌ನ ಕಾಟ ಇನ್ನೊಂದು, ಜೇನು ಅಲರ್ಜಿಗೆ ಮುಖ್ಯ ಕಾರಣವೇ ಅದು.

ಹಾಗಾಗಿ ಜೇನು ಹೊಡೆಸಿಕೊಂಡು ಕಾಯಿಲೆ ವಾಸಿ ಮಾಡಿಕೊಳ್ಳುತ್ತೇವೆ ಅನ್ನುವವರಿಗೆ ನಾನು ಹೇಳುವುದು ಒಂದೇ, ಬೇಡ. 2018ರಲ್ಲಿ ಸ್ಪೇನ್‌ನ ವೈದ್ಯರು ಒಂದು ಪ್ರಕರಣ ಬರೆದರು. 55 ವರ್ಷದ ಹೆಂಗಸು ಎರಡು ವರ್ಷದಿಂದ ಜೀವಂತ ಜೇನಿನಿಂದ ಚುಚ್ಚಿಸಿಕೊಳ್ಳುತ್ತಿದ್ದರು, ಏನೂ ಆಗಿರಲಿಲ್ಲ. ಒಂದು ದಿನ ಮಾಮೂಲಿ ಹಾಗೆ ಚುಚ್ಚಿಸಿಕೊಂಡಾಗ ಉಸಿರು ಕಟ್ಟಿ ಬಿದ್ದರು, ಕೆಲವು ವಾರಗಳಲ್ಲಿ ತೀರಿಕೊಂಡರು. ಮೊದಲು ಹೊಡೆದಾಗ ಏನೂ ಆಗಲಿಲ್ಲ ಅನ್ನುವುದು ಮುಂದಿನದಕ್ಕೆ ಗ್ಯಾರಂಟಿ ಅಲ್ಲ. ಈ ಕಥೆ ಹೇಳಿದ ಮೇಲೂ ಚಿಕ್ಕಪ್ಪ ಬರಿಗೈಯಲ್ಲೇ ಎರಿ ಎತ್ತುತ್ತಾರೆ, ಅವರನ್ನು ಒಪ್ಪಿಸುವುದು ನನ್ನಿಂದ ಆಗಿಲ್ಲ.

ಮೆಲಿಟಿನ್ ಅನ್ನು ಪಳಗಿಸುವ ದಾರಿ ಮೊದಲು ತೋರಿಸಿದ್ದು ಸ್ವೀಡನ್ನಿನ ಹಾನ್ಸ್ ಬೋಮನ್. ಅವರು ಒಂದು ಕಾಡು ರೇಷ್ಮೆ ಪತಂಗದ ರಕ್ತದಲ್ಲಿ ಸೆಕ್ರೋಪಿನ್ ಅನ್ನುವ ಪೆಪ್ಟೈಡ್ (ಮೆಲಿಟಿನ್‌ನಂಥದ್ದೇ ಅಮೈನೊ ಆಮ್ಲಗಳ ಪುಟ್ಟ ಸರಪಳಿ) ಕಂಡುಹಿಡಿದಿದ್ದರು. ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ರಕ್ತಕಣವನ್ನು ಮುಟ್ಟುವುದಿಲ್ಲ. ಸೆಕ್ರೋಪಿನ್‌ನ ತಲೆಗೆ ಮೆಲಿಟಿನ್‌ನ ತುಂಡು ಸೇರಿಸಿದರೆ? ತೋಟದಲ್ಲಿ ಕಸಿ ಕಟ್ಟುತ್ತೇವಲ್ಲ, ಹೆಚ್ಚು ಕಡಿಮೆ ಹಾಗೇ. 1989ರಲ್ಲಿ ಅವರ ತಂಡ ಅಂಥ ಕಸಿಗಳನ್ನು ಪ್ರಕಟಿಸಿತು. ಕೆಲವು ಬ್ಯಾಕ್ಟೀರಿಯಾದ ಮೇಲೂ ಮಲೇರಿಯಾ ಪರಾವಲಂಬಿಯ ಮೇಲೂ ಕೆಲಸ ಮಾಡಿದವು, ಮೆಲಿಟಿನ್ ಹಾಗೆ ರಕ್ತಕಣ ಒಡೆಯಲಿಲ್ಲ. ಆ ತಂಡದಲ್ಲಿ ಮೆರಿಫೀಲ್ಡ್ ಇದ್ದರು, ಪೆಪ್ಟೈಡನ್ನು ಒಂದೊಂದೇ ಮಣಿ ಪೋಣಿಸಿದ ಹಾಗೆ ಲ್ಯಾಬಿನಲ್ಲಿ ಕಟ್ಟುವ ವಿಧಾನಕ್ಕೆ 1984ರಲ್ಲಿ ನೊಬೆಲ್ ಪಡೆದವರು. ಇಂಥದ್ದೇ ಕಸಿಯೊಂದನ್ನು 2004ರಲ್ಲಿ ಸ್ಪೇನ್‌ನಲ್ಲಿ ಲೀಶ್ಮೇನಿಯಾ ತಗುಲಿದ ನಾಯಿಗಳಿಗೆ ಚುಚ್ಚಿದರು, ನಾಯಿಗಳು ಚೇತರಿಸಿಕೊಂಡವು. ಮನುಷ್ಯರ ಪರಾವಲಂಬಿ ರೋಗಕ್ಕೆ ಜೇನು ವಿಷದ ಔಷಧಿ ಮಾತ್ರ ಇನ್ನೂ ಅಂಗಡಿಗೆ ಬಂದಿಲ್ಲ.

ಇಲ್ಲಿ ಒಂದು ಮಾತು, ವಿಷ ಮಾರಿ ದುಡ್ಡು ಮಾಡುವ ಕನಸಿರುವವರಿಗೆ. ವಿಷ ತೆಗೆಯಲು ಗಾಜಿನ ಹಲಗೆ ಮೇಲೆ ಎಳೆದ ತಂತಿಗಳಲ್ಲಿ ಸಣ್ಣಗೆ ಕರೆಂಟ್ ಹರಿಸುತ್ತಾರೆ, ಜೇನು ಸಿಟ್ಟಿನಿಂದ ಗಾಜಿಗೆ ಹೊಡೆಯುತ್ತದೆ, ಗಾಜಿನಲ್ಲಿ ಮುಳ್ಳು ಸಿಕ್ಕಿಕೊಳ್ಳುವುದಿಲ್ಲ, ವಿಷ ಒಣಗಿದ ಮೇಲೆ ಕೆರೆದುಕೊಳ್ಳುವುದು. ಒಂದು ಗ್ರಾಂಗೆ ಐದರಿಂದ ಹತ್ತು ಸಾವಿರ ಹೊಡೆತ ಬೇಕು. ಮೆಲಿಟಿನ್ ಔಷಧಿ ಬಂದರೂ ಅದಕ್ಕೆ ಜೇನು ಬೇಕಾಗಲಿಕ್ಕಿಲ್ಲ, 26 ಮಣಿಯ ಸರವನ್ನು ಲ್ಯಾಬಿನಲ್ಲೇ ಪೋಣಿಸಬಹುದು. ಪೆಟ್ಟಿಗೆ ಇಟ್ಟಿರುವವರು ತುಪ್ಪವನ್ನೇ ನಂಬಿಕೊಳ್ಳುವುದು ವಾಸಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇರೆಯೇ ಯೋಚನೆ. ಜೇನು ವಿಷ ನಮ್ಮ ಮೈಗೆ ಒಗ್ಗುವುದಿಲ್ಲ ಅಂದರೆ ಸೊಳ್ಳೆಯ ಮೈಗೆ ಹಾಕಿದರೆ ಹೇಗೆ?

ಮಲೇರಿಯಾದ ಪರಾವಲಂಬಿ ರಕ್ತದ ಜೊತೆ ಸೊಳ್ಳೆಯ ಹೊಟ್ಟೆ ಸೇರುತ್ತದೆ. ಅಲ್ಲಿ ಕೂಡಿ, ಹುಳುವಿನಂಥ ಆಕಾರ ತಾಳಿ, ಕರುಳಿನ ಗೋಡೆ ತೂರಿ, ಹೊರಗಡೆ ಗಂಟು ಕಟ್ಟಿಕೊಂಡು ಕೂರುತ್ತದೆ. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದು ಇದೇ ಗಂಟುಗಳನ್ನು. ಗಂಟು ಒಡೆದರೆ ಸಾವಿರಾರು ಮರಿಗಳು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಹೋಗುತ್ತವೆ, ಅಲ್ಲಿಂದ ನಮಗೆ. ಅಂದರೆ ಕರುಳಿನ ಗೋಡೆಯೇ ಗಟ್ಟಿ ತಪಾಸಣಾ ಗೇಟು.

2002ರಲ್ಲಿ ಅಮೆರಿಕದ ಒಂದು ತಂಡ ಜೇನಿನ ಫಾಸ್ಫೊಲೈಪೇಸ್ ಜೀನನ್ನು ಅನಾಫಿಲಿಸ್ ಸ್ಟೀಫನ್ಸೈ ಸೊಳ್ಳೆಗೆ ಸೇರಿಸಿತು. ಇದು ನಮ್ಮ ಬೆಂಗಳೂರು, ಮಂಗಳೂರಿನ ನೀರಿನ ಟ್ಯಾಂಕುಗಳಲ್ಲಿ ಬೆಳೆಯುವ ಸೊಳ್ಳೆಯೇ. (ಮಲೆನಾಡಿಗೆ ಜ್ವರ ತಂದದ್ದು ಹರಿಯುವ ಹಳ್ಳದಲ್ಲಿ ಮೊಟ್ಟೆ ಇಡುವ ಫ್ಲುವಿಯಾಟಿಲಿಸ್.) ಇಲಿಯ ಮಲೇರಿಯಾ ಕೊಟ್ಟು ನೋಡಿದರೆ ಕರುಳಿನ ಗಂಟುಗಳು ಶೇಕಡ 80ಕ್ಕೂ ಜಾಸ್ತಿ ಇಳಿದವು. ವಿಚಿತ್ರ ಅಂದರೆ, ಆ ಕಿಣ್ವದ ಕತ್ತರಿಸುವ ಶಕ್ತಿಯನ್ನು ತೆಗೆದುಹಾಕಿದರೂ ಅದು ಪರಾವಲಂಬಿಯನ್ನು ತಡೆಯುತ್ತದೆ. ಬಹುಶಃ ಕೊಲ್ಲುವುದಕ್ಕಿಂತ, ಕರುಳಿನ ಗೋಡೆಗೆ ಬಳಿದುಕೊಂಡು ದಾರಿ ಮುಚ್ಚುತ್ತದೆ. ಆದರೆ ಇಂಥ ಸೊಳ್ಳೆ ಮೊಟ್ಟೆ ಕಡಿಮೆ ಇಟ್ಟಿತು. ಮೊಟ್ಟೆ ಕಡಿಮೆ ಇಡುವ ಸೊಳ್ಳೆಯನ್ನು ಹೊರಗೆ ಬಿಟ್ಟರೆ ನಾಲ್ಕು ದಿನದಲ್ಲಿ ಊರಿನ ಸೊಳ್ಳೆಗಳ ನಡುವೆ ಅದರ ವಂಶವೇ ಉಳಿಯುವುದಿಲ್ಲ. ಆಮೇಲೆ ಸೊಳ್ಳೆಯ ಜೀನ್ ಮುಟ್ಟದೆ, ಅದರ ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಕೈಲಿ ಈ ಪ್ರೋಟೀನು ಮಾಡಿಸುವ ಪ್ರಯೋಗ 2012ರಲ್ಲಿ ಬಂತು. ಬ್ಯಾಕ್ಟೀರಿಯಾವನ್ನು ಸಕ್ಕರೆ ನೀರಿನಲ್ಲಿ ಇಟ್ಟರೆ ಸೊಳ್ಳೆ ತಾನಾಗಿ ಕುಡಿಯುತ್ತದೆ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಜಾಣತನದ ಹೆಜ್ಜೆ ಇದೇ.

ಇದನ್ನೆಲ್ಲ ಮೊನ್ನೆ ಫೋನಿನಲ್ಲಿ ಅಜ್ಜಿಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ಆ ಸೊಳ್ಳೆ ಕಚ್ಚಿದ್ರೆ ಜೇನು ಹೊಡೆದಂಗೆ ಉರಿಯುತ್ತೇನೋ?" ಅಂದರು.

ಉರಿಯಲ್ಲ ಅಜ್ಜಿ, ಅದು ಜೊಲ್ಲಿನಲ್ಲಿ ಬರಲ್ಲ, ರಕ್ತ ಕುಡಿದ ಮೇಲೆ ಹೊಟ್ಟೆಯಲ್ಲಿ ಮಾತ್ರ ತಯಾರಾಗುವ ಹಾಗೆ ಮಾಡಿದ್ದಾರೆ ಅಂದೆ. "ಅಂದ್ರೆ ಕಚ್ಚಿ ಆದ್ಮೇಲೆ" ಅಂದರು. ಹೌದು, ಕಚ್ಚಿ ಆದ ಮೇಲೆ.

"ತುರಿಕೆ ತಪ್ಪಲ್ಲ ಹಂಗಾದ್ರೆ" ಅಂತ ಫೋನನ್ನು ಚಿಕ್ಕಪ್ಪನ ಕೈಗೆ ಕೊಟ್ಟರು.